ಆರು ಡಬ್ಬಿ, ಮೂರು ಪಾಲು

"ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ?"

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ಹೀಗೆ ಕೇಳಿದಾಗ ಶಂಕ್ರೆವ್ವನ ಮೈಯೆಲ್ಲ ಉರಿದುಹೋಯಿತು. ಸಿಂದಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಾಳೆ. ಚೀಲದಲ್ಲಿ ತಾನೇ ದುಡಿದ ರೊಕ್ಕ ಇದೆ. ಕೇಳಿದ್ದು ನೆಟ್ಟಗೆ ಒಂದೇ ಮಾತು, ಸುತ್ತಲಿಂದ ದನಿ ಬರುವ ಹೋಮ್ ಥಿಯೇಟರ್ ತೋರಿಸಿ ಅಂತ. ಅದಕ್ಕೆ ಈ ಮಹಾನುಭಾವ ಅವಳನ್ನು ಬಿಟ್ಟು, ಅವಳ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ಬಾಗಿಲ ಕಡೆ ಇಣುಕುತ್ತಾನೆ.

"ಅದಾರ್ರಿ, ಇಬ್ಬರು ಅಣ್ಣಾರ ಅದಾರ," ಅಂದಳು ಶಂಕ್ರೆವ್ವ. "ಅವರ ಹತ್ತಿರ ರೊಕ್ಕ ಇಲ್ಲ. ರೊಕ್ಕ ಇದ್ದಾಕಿ ಜೋಡಿ ಮಾತಾಡ್ರಿ."

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಶಂಕ್ರೆವ್ವ ಸಿಂದಗಿಯ ಹಳೇ ಓಣಿಯಲ್ಲಿ ಜಂಪರ್ ಹೊಲಿಯುವವಳು. ಕನ್ನೊಳ್ಳಿಯ ಹೆಂಗಸರು ಮದುವೆಯ ಜಂಪರ್ ಹೊಲಿಸಲು ಬಸ್ಸು ಹತ್ತಿ ಅವಳ ಹತ್ತಿರವೇ ಬರುತ್ತಿದ್ದರು, ಊರಲ್ಲಿ ಬೇರೆ ದರ್ಜಿಗಳಿಲ್ಲ ಅಂತಲ್ಲ, ಇವಳು ಹೊಲಿದ ತೋಳು ಬಿಗಿಯಾಗಿ ಹಿಡಿಯುವುದಿಲ್ಲ ಅಂತ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು, ಮದುವೆಯಾಗಿರಲಿಲ್ಲ. ಅಪ್ಪ ಇದ್ದಾಗ ಮುದ್ದೇಬಿಹಾಳದ ಕಡೆಯ ಒಂದು ಸಂಬಂಧ ಗಟ್ಟಿಯಾಗಿತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡ. ದೊಡ್ಡಣ್ಣ ಶ್ರೀಶೈಲಪ್ಪ ಮೊದಲು ತನ್ನದಾಗಲಿ ಎಂದ. ಅವನದಾದ ಮೇಲೆ ಸಣ್ಣಣ್ಣ ಸಿದ್ದರಾಯನದೂ ಆಗಿಬಿಡಲಿ ಎಂದರು. ಇಬ್ಬರೂ ಬಾಸಿಂಗ ಕಟ್ಟಿಕೊಂಡು ಮೆರೆದು ಮುಗಿಸುವಷ್ಟರಲ್ಲಿ ಮುದ್ದೇಬಿಹಾಳದವರು ಕಾದು ಕಾದು ಬೇರೆ ಹೆಣ್ಣು ತಂದಿದ್ದರು. ಆಮೇಲೆ ಅಣ್ಣಂದಿರಿಬ್ಬರೂ "ತಂಗಿಗೆ ಋಣ ಇಲ್ಲ" ಎಂದು ನಾಲ್ಕು ಮಂದಿಯ ಮುಂದೆ ನಿಟ್ಟುಸಿರು ಬಿಟ್ಟು ಕೈ ತೊಳೆದುಕೊಂಡರು. ಋಣವಂತೆ ಋಣ! ಅವಳ ಋಣವನ್ನು ಇವರೇ ಚಪ್ಪರ ಹಾಕಿ ಉಂಡು ಮುಗಿಸಿದ್ದರು.

ಇಂಥವಳಿಗೆ ಐದಾರು ಡಬ್ಬಿಯ ಸೌಂಡಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ಓಣಿಯೆಲ್ಲ ಕೇಳಿತ್ತು. ಅದಕ್ಕೆ ಉತ್ತರ ಹಳೆಯದು. ಅವಳು ಸಣ್ಣವಳಿದ್ದಾಗ ಊರಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ತೆರೆಯ ಎರಡೂ ಪಕ್ಕ ದನಿ ಬರುವ ಎರಡು ಭೋಂಗಾ. ಗಂಡಸರು ನಡುವೆ, ತೆರೆಯ ಎದುರಿಗೆ. ಹೆಂಗಸರಿಗೆ ಎಡಮೂಲೆಯಲ್ಲಿ, ಮೊಳದೆತ್ತರದ ಮಣ್ಣಿನ ಕಟ್ಟೆಯ ಆಚೆಗೆ ಜಾಗ. ಹೆಂಗಸರ ಕಡೆಯ ಭೋಂಗಾ ಕೆಟ್ಟು ಯಾವ ಕಾಲವಾಗಿತ್ತೋ. ರಿಪೇರಿ ಮಾಡಿಸಪ್ಪಾ ಎಂದರೆ ಟಾಕೀಸಿನ ಮಾಲಕ, "ಹೆಂಗಸರು ಹೆಂಗೂ ಮಾತಾಡ್ಕೋತ ಕುಂದರ್ತಾರ, ಅವರಿಗ್ಯಾಕ ಭೋಂಗಾ?" ಅನ್ನುತ್ತಿದ್ದ. ನಾಯಕಿ ತೆರೆಯ ಮೇಲೆ ಎದೆ ಬಡಿದುಕೊಂಡು ಅಳುವಾಗ ಅವಳ ಅಳು ದೂರದ ಬಲಮೂಲೆಯಿಂದ, ಗಂಡಸರ ಬೀಡಿಯ ಹೊಗೆ ದಾಟಿ, ಅರ್ಧಂಬರ್ಧ ಬರುತ್ತಿತ್ತು. ಏನಂದಳು, ಏನಂದಳು ಎಂದು ಶಂಕ್ರೆವ್ವ ಅವ್ವನ ತೋಳು ಜಗ್ಗುತ್ತಿದ್ದಳು. ಅವ್ವನಿಗೂ ಕೇಳಿರುತ್ತಿರಲಿಲ್ಲ.

ಆಮೇಲೆ ಒಂದು ಸಲ ಜಂಪರ್ ಪೀಸು ತರಲು ಸೊಲ್ಲಾಪುರಕ್ಕೆ ಹೋದಾಗ ದೊಡ್ಡ ಥಿಯೇಟರಿನಲ್ಲಿ ಸಿನೆಮಾ ನೋಡಿದಳು. ಹಗಲಿನ ಆಟ, ಮಂದಿ ಇರಲಿಲ್ಲ, ಎಲ್ಲಿ ಬೇಕಲ್ಲಿ ಕೂಡಬಹುದಿತ್ತು. ಜೀವನದಲ್ಲಿ ಮೊದಲ ಬಾರಿ ನಟ್ಟನಡುವೆ ಕೂತಳು. ತೆರೆಯ ಮೇಲೆ ಮಳೆ ಶುರುವಾಯಿತು. ಆ ಮಳೆ ಅವಳ ಬೆನ್ನ ಹಿಂದೆ ಬಿದ್ದಿತು! ಶಂಕ್ರೆವ್ವ ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ. ನಾಯಕಿ ಮೆಲ್ಲಗೆ ಒಂದು ಮಾತು ಹೇಳಿದಳು, ಅದು ಎದುರಿನಿಂದ, ನೇರ ಎದೆಗೆ ಬಂದು ತಾಗಿತು. ಯಾರ ತೋಳನ್ನೂ ಜಗ್ಗಬೇಕಾಗಲಿಲ್ಲ. ಮನೆಯಲ್ಲಿ ಇಂಥದೊಂದು ಇರಬೇಕು, ಅದರ ನಟ್ಟನಡುವೆ ತಾನು ಕೂಡಬೇಕು. ಆಸೆ ಇಷ್ಟೇ.

ಸೀರೆಯ ಅಂಚಿಗೆ ಪಿಕೋ ಹಾಕುವ ಮಷಿನ್ ತರಬೇಕೆಂದು ಮೂರು ಮದುವೆ ಸುಗ್ಗಿಯಿಂದ ಕೂಡಿಟ್ಟ ರೊಕ್ಕವಿತ್ತು. ಪಿಕೋ ಇಲ್ಲದಿದ್ದರೂ ಹೊಟ್ಟೆ ತುಂಬುತ್ತದೆ, ಕಿವಿ ತುಂಬುವುದಿಲ್ಲ ಎಂದು ನಿರ್ಧರಿಸಿ ಆ ಗಂಟನ್ನೇ ಚೀಲಕ್ಕೆ ಹಾಕಿಕೊಂಡು ಹೊರಟಿದ್ದಳು. ಅದರ ಮೇಲೆ ಬಿಡಿಗಾಸೂ ಇರಲಿಲ್ಲ. ಹಾಗಾಗಿ ಮೋಸಹೋಗುವ ಹಾಗೂ ಇರಲಿಲ್ಲ.

ಇಂಡಿ ಪಟ್ಟಣದ ಅಂಗಡಿಯವನು ಕೊನೆಗೂ ಗಂಡಸಿನ ಆಸೆ ಬಿಟ್ಟು ಒಂದು ಸೆಟ್ಟು ತೆಗೆದಿಟ್ಟ. ಕೆಂಪು, ನೀಲಿ ದೀಪ. ಆನೆಯಂಥ ಡಬ್ಬಿ. ಮೇಲೊಂದು ಬಂಗಾರದ ಬಣ್ಣದ ಚೀಟಿ, ನಾಲ್ಕು ಸಾವಿರ ವ್ಯಾಟ್ ಅಂತ. ಯಾವುದೋ ಕುಣಿತದ ಹಾಡು ಹಚ್ಚಿ, ಬಾಗಿಲ ಗಾಜು ಗಡಗಡ ಅನ್ನುವ ತನಕ ದನಿ ಏರಿಸಿ, ಹೆಂಗೈತಿ ಎನ್ನುವ ಹಾಗೆ ಹುಬ್ಬು ಹಾರಿಸಿದ.

"ಬಂದ್ ಮಾಡ್ರಿ," ಅಂದಳು ಶಂಕ್ರೆವ್ವ. "ನಾಲ್ಕು ಸಾವಿರ ವ್ಯಾಟ್ ಅಂತ ಬರದೀರಿ. ನಮ್ಮ ಓಣ್ಯಾಗ ಜ್ವಾಳ ಬೀಸೂ ಗಿರಣಿ ಮೋಟರಿಗೆ ಅಷ್ಟು ಕರೆಂಟ್ ಬೇಕ್ರಿ. ಇದು ಜ್ವಾಳ ಬೀಸ್ತೈತೇನು?"

"ಅದು ಬ್ಯಾರೆ ಲೆಕ್ಕರೀ ಅಕ್ಕಾರ. ನಿಮಗ ತಿಳಿಯೂದಿಲ್ಲ."

"ತಿಳಿಯೂದಿಲ್ಲ" ಅನ್ನುವ ಮಾತು ಕೇಳಿದರೆ ಶಂಕ್ರೆವ್ವನ ಕೈ ಸುಮ್ಮನಿರುತ್ತಿರಲಿಲ್ಲ. ಡಬ್ಬಿಯನ್ನು ಎತ್ತಿ ನೋಡಿದಳು. ಚುರುಮುರಿ ಚೀಲದಂತೆ ಹಗುರ. ಬೆರಳಿನ ಗೆಣ್ಣಿನಿಂದ ಬಡಿದಳು. ಪೊಳ್ಳು ದನಿ. ಡಬ್ಬಿಯ ಮುಂದೆ ಕರಿ ಬಟ್ಟೆ ಬಿಗಿದಿದ್ದರು, ಅದರ ಹಿಂದೆ ಎರಡು ದುಂಡನೆಯ ಆಕಾರ ಕಾಣುತ್ತಿದ್ದವು. ಬಟ್ಟೆ ಅಂದಮೇಲೆ ಅದು ಅವಳ ರಾಜ್ಯ. ಹೊಲಿಗೆ ಬಿಚ್ಚುವ ಸಣ್ಣ ಚೂರಿ ಚೀಲದಿಂದ ತೆಗೆದು, ಅಂಗಡಿಯವನು ಹಾಂ ಹಾಂ ಅನ್ನುವಷ್ಟರಲ್ಲಿ ಬಟ್ಟೆಯ ಒಂದು ಮೂಲೆ ಬಿಡಿಸಿಬಿಟ್ಟಳು. ಮೇಲಿನದು ನಿಜವಾದ ಸ್ಪೀಕರು. ಕೆಳಗಿನದು ಹಪ್ಪಳದಂಥ ಪ್ಲಾಸ್ಟಿಕ್ ತಟ್ಟೆ, ಅದರ ಹಿಂದೆ ಗಾಳಿ.

"ಇದು ಏನ್ರಿ ಇದು?"

"ಅದು ಡಿಸೈನ್ ರೀ..."

"ಡಿಸೈನ್! ಜಂಪರಿಗೆ ಒಂದ ತೋಳು ಹೊಲದು, ಇನ್ನೊಂದು ತೋಳು ಡಿಸೈನ್ ಅಂತ ಬರೇ ಚಿತ್ರ ತಗದು ಕೊಟ್ಟರ ನಿಮ್ಮ ಮನ್ಯಾಕಿ ಹಾಕ್ಕೋತಾಳೇನ್ರಿ? ಹೆಂಗಸರು ಬಂದ್ರ ಡಿಸೈನ್ ತೋರಸ್ತೀರಿ, ಗಂಡಸರು ಬಂದ್ರ ಮಾಲು ತೋರಸ್ತೀರಿ. ನಾಚಿಕಿ ಆಗೂದಿಲ್ಲೇನು?"

ಬಟ್ಟೆ ಹರಿದಿದ್ದಕ್ಕೆ ರೊಕ್ಕ ಕೊಡಿ ಎಂದು ಅವನು ಕೂಗಿದ. ಮೋಸದ ಮಾಲು ಇಟ್ಟಿದ್ದಕ್ಕೆ ಬಸ್ ಚಾರ್ಜು ಕೊಡು ಎಂದು ಇವಳು ಕೂಗಿದಳು. ಬೀದಿಯ ಮಂದಿ ಸೇರಿದರು. ಕೊನೆಗೆ ಇಬ್ಬರೂ ಏನೂ ಕೊಡದೆ ಬೇರೆಯಾದರು.

ಆಮೇಲೆ ಬಸವನ ಬಾಗೇವಾಡಿಯಲ್ಲೂ ನೋಡಿದಳು, ಅಲ್ಲಿ ಒಬ್ಬ "ನಿಮಗ್ಯಾಕ್ರಿ ಇದು, ಮಿಕ್ಸರ್ ತಗೋರಿ" ಎಂದ. ಕೊನೆಗೆ ತಮ್ಮೂರಿನ ನಿಜಾಮುದ್ದೀನನ ಅಂಗಡಿಗೇ ಬಂದಳು. ರೇಡಿಯೋ ರಿಪೇರಿಯಿಂದ ಶುರುವಾಗಿ ಟಿವಿ ಮಾರುವ ತನಕ ಬೆಳೆದವನು. ಅವನ ಹೆಂಡತಿಯ ಬಟ್ಟೆ ಇವಳ ಹತ್ತಿರವೇ ಹೊಲಿಗೆಗೆ ಬರುತ್ತಿದ್ದವು.

"ಅಕ್ಕಾರ, ಎರಡು ಡಬ್ಬಿದು ತಗೊಂಡು ಸುಮ್ಮ ಹೋಗ್ರಿ," ಅಂದ ನಿಜಾಮುದ್ದೀನ. "ಸುತ್ತಲಿಂದ ಬರೂದು ಷೋಕಿ ಮಂದಿಗೆ."

"ನಿಜಾಮಣ್ಣ, ನೀ ನಿನ್ನ ಮದಿವ್ಯಾಗ ಹಾಕ್ಕೊಂಡ ಶೇರವಾನಿ ಷೋಕಿಗೆ ಹೌದಲ್ಲೋ? ನಾ ಬ್ಯಾಡ ಅಂದ್ನೇನು? ತಗಿ ಎರಡು ಸೆಟ್ಟು."

ತೆಗೆದ. ಒಂದರಲ್ಲಿ ಮತ್ತೆ ಬಣ್ಣದ ದೀಪಗಳು, ಇನ್ನೊಂದು ಬೋಳು ಬೋಳಾದ ಕರೀ ಕಟ್ಟಿಗೆಯ ಡಬ್ಬಿ. ಐದು ಸಣ್ಣವು, ಒಂದು ದೊಡ್ಡದು, ಒಟ್ಟು ಆರು. ಶಂಕ್ರೆವ್ವ ಹಾಡು ಹಚ್ಚಲು ಬಿಡಲಿಲ್ಲ. ಇಬ್ಬರು ಕೂತು ಮಾತಾಡುವ ದೃಶ್ಯ ಹಚ್ಚು ಎಂದಳು. ಅಂಗಡಿಯ ನಡುವೆ ಒಂದು ಸ್ಟೂಲು ಎಳೆದು ಕೂತು, ಎರಡು ಡಬ್ಬಿ ಎದುರಿನ ಎಡಬಲಕ್ಕೆ, ಮಾತಿನ ಡಬ್ಬಿ ಟಿವಿಯ ಕೆಳಗೆ, ಎರಡು ಬೆನ್ನ ಹಿಂದೆ ಇಡಿಸಿದಳು. ಗಿರಾಕಿಗಳು ಅವಳನ್ನು ಸುತ್ತಿಕೊಂಡು ಹೋಗಬೇಕಾಯಿತು. ದೀಪದ ಸೆಟ್ಟಿನಲ್ಲಿ ಮನುಷ್ಯರ ದನಿ ಗಡಿಗೆಯೊಳಗೆ ತಲೆ ಹಾಕಿ ಮಾತಾಡಿದಂತಿತ್ತು.

"ಇದರದು ಭಾಳ ಮಾರಾಟ ಐತ್ರಿ ಅಕ್ಕಾರ. ದೀಪ ನೋಡ್ರಿ, ಹಾಡಿಗೆ ತಕ್ಕಂಗ ಕುಣೀತಾವ."

"ದೀಪ ನೋಡಾಕ ದೀಪಾವಳಿ ಐತಿ. ಇನ್ನೊಂದು ಹಚ್ಚು."

ಬೋಳು ಸೆಟ್ಟು ಹಚ್ಚಿದ. ದನಿ ಇಳಿಸು ಎಂದಳು. ಇಳಿಸಿದ. ಇನ್ನೂ ಇಳಿಸು ಎಂದಳು. ಹೊರಗೆ ಟಂಟಂ ಗಾಡಿಯವನು ಮಂದಿಯನ್ನು ಕರೆಯುವ ಸದ್ದು ಕೇಳುವಷ್ಟು ಇಳಿಸಿದರೂ ತೆರೆಯ ಮೇಲಿನ ಮುದುಕಿಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬಿತ್ತು. ಜೋರಾಗಿ ಕೂಗಿದರೆ ಯಾವ ಕತ್ತೆಯ ದನಿಯೂ ಕೇಳುತ್ತದೆ. ಮೆಲ್ಲಗೆ ಆಡಿದ್ದು ಕೇಳಬೇಕು. ಇಷ್ಟು ಸರಳ ವಿಷಯ ಈ ಅಂಗಡಿಕಾರರಿಗೆ ಯಾಕೆ ಹೊಳೆಯುವುದಿಲ್ಲ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು.

"ಕೆಟ್ಟರ ರಿಪೇರಿ ಯಾರು?"

"ನಾನ್ರೀ."

"ಹಂಗಾರ ಈಗ ಬಿಚ್ಚಿ ತೋರಸು. ನಿನಗ ಬಿಚ್ಚಾಕ ಬರ್ತೈತೋ ಇಲ್ಲೋ ನೋಡ್ತೇನಿ."

ಗೊಣಗುತ್ತ ಬಿಚ್ಚಿದ. ದೊಡ್ಡ ಡಬ್ಬಿಯೊಳಗೇ ಇದರ ಜೀವವೆಲ್ಲ ಇತ್ತು, ಕರೆಂಟು ಅಲ್ಲಿಗೆ ಬಂದು ಅಲ್ಲಿಂದ ವಾಯರಿನ ಮೇಲೆ ಉಳಿದ ಐದಕ್ಕೂ ಹೋಗುತ್ತಿತ್ತು. ಅದನ್ನು ತೆಗೆದರೆ ಉಳಿದವು ಬರೀ ಕಟ್ಟಿಗೆ ಎಂದು ನಿಜಾಮುದ್ದೀನ ಹೇಳಿದ. ಹಿಂದಿನ ಡಬ್ಬಿಗಳ ವಾಯರು ಅವಳ ಪಡಸಾಲೆಗೆ ಸಾಲುವುದಿಲ್ಲ ಎಂಬುದನ್ನು ಅವಳೇ ತನ್ನ ಅಳತೆ ಪಟ್ಟಿಯಿಂದ ಅಳೆದು ತೋರಿಸಿ, ಹೆಚ್ಚಿನ ವಾಯರನ್ನು ಪುಕ್ಕಟೆ ಹಾಕಿಸಿಕೊಂಡಳು. ಚೀಲದ ಗಂಟು ಖಾಲಿಯಾಯಿತು. ಅವನು ಹಣೆ ಒರೆಸಿಕೊಂಡು, ನಿಮ್ಮಂಥ ಗಿರಾಕಿ ವರ್ಷಕ್ಕೊಬ್ಬರು ಬಂದರೆ ಸಾಕು ಎಂದು ಕೈ ಮುಗಿದ.

ಮನೆಯ ಪಡಸಾಲೆ ದೊಡ್ಡದು. ಎರಡು ಕಂಬ, ಮಣ್ಣಿನ ದಪ್ಪ ಗೋಡೆ, ಗೋಡೆಗೆ ಮನೆಯ ಟಿವಿ, ಮೇಲೆ ಮಣ್ಣಿನ ಮಾಳಿಗೆ. ದನಿ ಅಲ್ಲಿ ಹಾರಾಡದೆ ಹದವಾಗಿ ನಿಂತಿತು. ಶಂಕ್ರೆವ್ವ ಅಳತೆ ಪಟ್ಟಿ ಹಿಡಿದು ಪ್ರತಿ ಡಬ್ಬಿಯಿಂದ ಅಳೆದು, ಎರಡೂ ಕಂಬಗಳ ನಡುವೆ ಎಲ್ಲ ದನಿಯೂ ಸಮನಾಗಿ ಬಂದು ಕೂಡುವ ಜಾಗ ಕಂಡುಹಿಡಿದಳು. ನೆಲದ ಕಲ್ಲಿನ ಫರಸಿಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಕತ್ತರಿ ಗುರುತು ಹಾಕಿದಳು. ಆಮೇಲೆ ಕೈಕಾಲು ತೊಳೆದುಕೊಂಡು ಬರಲು ಒಳಗೆ ಹೋದಳು.

ಬಂದು ನೋಡಿದರೆ ಆ ಗುರುತಿನ ಮೇಲೆ ಶ್ರೀಶೈಲಪ್ಪನ ಆರಾಮ ಕುರ್ಚಿ ಇತ್ತು, ಕುರ್ಚಿಯಲ್ಲಿ ಶ್ರೀಶೈಲಪ್ಪ ಇದ್ದ. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವನದು. ಜಗತ್ತಿನಲ್ಲಿ ಎಲ್ಲಿ ಕುರ್ಚಿ ಹಾಕಿದರೂ ಅದು ತನಗೇ ಎಂದು ತಿಳಿದ ಮನುಷ್ಯ.

"ಭಾಳ ಛಲೋ ಮಾಲ್ ತಂದೀಯವ್ವ ತಂಗಿ," ಅಂದ. "ಚಾ ಮಾಡಾಕ ಹೇಳು ನಿಮ್ಮ ವೈನಿಗೆ."

ಬಾಡಿಗೆಗೆ ಟಂಟಂ ಓಡಿಸುವ ಸಿದ್ದರಾಯ ಗಾಡಿ ನಿಲ್ಲಿಸಿ ಬಂದವನು ಅಣ್ಣನ ಪಕ್ಕದಲ್ಲೇ ಚಾಪೆ ಹಾಸಿದ. ಅಣ್ಣಂದಿರ ಹೆಂಡಂದಿರು, ವೈನಿಯರಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಶಂಕ್ರೆವ್ವನಿಗೆ ಉಳಿದದ್ದು ಹಿಂದಿನ ಎಡಮೂಲೆ, ಅವಳ ಹೊಲಿಗೆ ಮಷಿನ್ನಿನ ಜಾಗ. ತಲೆಯ ಮೇಲೇ ಹಿಂದಿನ ಡಬ್ಬಿ. ಅದರಲ್ಲಿ ಏನು ಬರುತ್ತದೆ? ಮಳೆ ಬರುತ್ತದೆ, ಗಾಳಿ ಬರುತ್ತದೆ, ಯಾರೋ ಬಾಗಿಲು ಹಾಕಿದ ಸದ್ದು ಬರುತ್ತದೆ. ಮಾತೆಲ್ಲ ಮುಂದೆ, ಕುರ್ಚಿಯಲ್ಲಿ ಕೂತವನಿಗೆ. ಮೂವತ್ತು ವರ್ಷದ ಹಿಂದಿನ ಟೂರಿಂಗ್ ಟಾಕೀಸು ಅವಳ ಮನೆಯೊಳಗೇ ಬಂದು ಡೇರೆ ಹೊಡೆದಿತ್ತು, ಅದೂ ಅವಳದೇ ರೊಕ್ಕದಲ್ಲಿ.

ಎಷ್ಟೋ ಸಲ ಹೇಳಿ ನೋಡಿದಳು. "ಅಣ್ಣಾ, ಒಂದು ದಿವಸ ಆ ಜಾಗ ಬಿಡು" ಎಂದರೆ "ಏ, ಎಲ್ಲಿ ಕುಂತರೂ ಕೇಳ್ತೈತಿ ಬಿಡವ್ವ" ಎಂಬ ಉತ್ತರ. ಎಲ್ಲಿ ಕೂತರೂ ಕೇಳುವಂತಿದ್ದರೆ ನೀನೇ ಯಾಕೆ ಅಲ್ಲಿ ಕೂಡುತ್ತೀ? ಈ ಮಾತು ಗಂಟಲ ತನಕ ಬಂದು ನಿಲ್ಲುತ್ತಿತ್ತು. ಅವಳು ಸಿಟ್ಟನ್ನೆಲ್ಲ ಪೆಡಲಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಆ ವರ್ಷ ಅವಳು ಹೊಲಿದಷ್ಟು ಜಂಪರುಗಳನ್ನು ಯಾವ ವರ್ಷವೂ ಹೊಲಿದಿರಲಿಲ್ಲ. ಫರಸಿಯ ಮೇಲಿನ ಗುರುತು ಕುರ್ಚಿಯ ಕಾಲಿಗೆ ಸಿಕ್ಕು ಅಳಿಸಿದಾಗಲೆಲ್ಲ, ಕಸ ಗುಡಿಸುವ ನೆಪದಲ್ಲಿ ಅದನ್ನು ಮತ್ತೆ ತೀಡುತ್ತಿದ್ದಳು.

ಮಾರನೇ ವರ್ಷ ವೈನಿಯರ ನಡುವೆ ಒಲೆಯ ಜಗಳ ಹತ್ತಿ, ಅಣ್ಣಂದಿರು ಬೇರೆಯಾಗುವುದೆಂದು ಗೊತ್ತಾಯಿತು. ಹೊಲ ಅಪ್ಪನ ಕಾಲಕ್ಕೇ ಮಾರಿಹೋಗಿತ್ತು, ಉಳಿದದ್ದು ಮನೆ ಮತ್ತು ಮನೆಯ ಸಾಮಾನು. ಪಂಚರ ಪೈಕಿ ಹಿರಿಯನೆಂದು ಅಪ್ಪನ ದಾಯಾದಿ ತಮ್ಮ ಗುರಪ್ಪ ಕಾಕಾ ಮಸೂತಿ ಹಳ್ಳಿಯಿಂದ ಬಂದ. ಗೌಂಡಿಯನ್ನೂ ಕರೆಸಿದ್ದರು. ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದು, ಆಚೆಗೊಬ್ಬ ಈಚೆಗೊಬ್ಬ. ಗೌಂಡಿ ದಾರ ಹಿಡಿದು ಗೆರೆ ಎಳೆದ. ಆ ಗೆರೆ ಸೀದಾ ಹೋಗಿ ಶಂಕ್ರೆವ್ವನ ಗುರುತಿನ ಮೇಲೆ ಹಾಯ್ದಿತು. ಇನ್ನು ಅವಳ ಕಣ್ಣ ಮುಂದೆಯೇ ಆ ಜಾಗದ ಮೇಲೆ ಇಟ್ಟಂಗಿ ಕೂಡುವುದಿತ್ತು.

ಗುರಪ್ಪ ಕಾಕಾ ಜಮಖಾನೆಯ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ರೂಢಿಯ ಮಾತು ಹೇಳಿದ. "ನೋಡ್ರೆಪಾ, ನಮ್ಮ ಹಿರ್ಯಾರು ಮಾಡಿದ್ದು ಇದು. ದೊಡ್ಡಾಂವ ಪಾಲು ಹಾಕಬೇಕು. ಎಲ್ಲಾರಕಿಂತ ಸಣ್ಣಾಂವ ಮೊದಲ ಆರಿಸಬೇಕು. ಹಾಕಿದಾಂವಗ ಕಡೀಕ ಉಳದದ್ದು. ಹಂಗಾದರ ಮೋಸ ಆಗೂದಿಲ್ಲ. ಒಪ್ಪಿಗೀನೋ?" ಅಣ್ಣತಮ್ಮಂದಿರಿಬ್ಬರೂ ಒಪ್ಪಿಗೆ ಎಂದರು. ಶಂಕ್ರೆವ್ವನನ್ನು ಯಾರೂ ಕೇಳಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಅವಳು ಯಾವ ಅಣ್ಣನ ಮನೆಯಲ್ಲಿ ಉಣ್ಣಬೇಕು ಎಂಬುದನ್ನು ಊಟವಾದ ಮೇಲೆ ಮಾತಾಡುವುದಿತ್ತು.

ಹಂಡೆ, ಕೊಪ್ಪರಿಗೆ, ಪರಾತ ಹಂಚಿದರು. ಮಂಚ ಹಂಚಿದರು. ಆಮೇಲೆ ಶ್ರೀಶೈಲಪ್ಪ ಗೋಡೆಯಿಂದ ಡಬ್ಬಿಗಳನ್ನು ಇಳಿಸಿ ತಂದ. ದೊಡ್ಡದೊಂದು, ಸಣ್ಣವು ಎರಡು ಈ ಕಡೆ. ಸಣ್ಣವು ಮೂರು ಆ ಕಡೆ, ಅದಕ್ಕೆ ಸಮ ಮಾಡಲು ಒಂದು ಹಿತ್ತಾಳೆ ಕೊಡ. ತಲಾ ಮೂರು ಡಬ್ಬಿ! ಒಂದೇ ಜೀವದ ಆರು ಅಂಗಗಳನ್ನು ಬದನೆಕಾಯಿ ಹಂಚಿದಂತೆ ಹಂಚಿದ ಮಹಾರಾಯ. ಸಿದ್ದರಾಯ ಕೊಡ ನೋಡಿ ಸಣ್ಣ ಮೂರನ್ನೇ ಆರಿಸಿಕೊಂಡ. ಆ ಮೂರು ಡಬ್ಬಿ ಅವನ ಮನೆಯಲ್ಲಿ ಕೋಳಿ ಕೂಡಿಸಲು ಸಹ ಉಪಯೋಗವಾಗುವಂತಿರಲಿಲ್ಲ.

"ಕಾಕಾ," ಅಂದಳು ಶಂಕ್ರೆವ್ವ ಬಾಗಿಲಿನಿಂದ. "ಆ ಡಬ್ಬಿ ನನ್ನವು."

"ನಂದು ನಿಂದು ಅಂತ ಏನೈತವ್ವ," ಅಂದ ಶ್ರೀಶೈಲಪ್ಪ, ತಲೆ ಎತ್ತದೆ. "ಎಲ್ಲಾ ಮನೀದು."

ಗುರಪ್ಪ ಕಾಕಾ ಸಮಾಧಾನದ ದನಿ ತೆಗೆದ. "ಶಂಕ್ರವ್ವ, ಕೂಡಿದ ಮನ್ಯಾಗ ಕುಂತು ಯಾರು ದುಡದರೂ ಅದು ಕೂಡಿದ ಮನೀಗೇ ಸೇರತೈತಿ. ಅದು ರೂಢಿ."

ಶಂಕ್ರೆವ್ವ ಚೌಕಟ್ಟು ಬಿಟ್ಟು ಒಳಗೆ ಬಂದಳು. ಗಂಡಸರ ನಡುವೆ ನಡೆದು, ಗೌಂಡಿಯ ಗೆರೆ ತುಳಿದು, ತನ್ನ ಗುರುತಿನ ಮೇಲೆ ಎರಡೂ ಕಾಲೂರಿ ನಿಂತಳು.

"ನನ್ನ ದುಡಿಮಿ ಈ ಮನೀದು, ಹೌದಲ್ಲ ಕಾಕಾ?"

"ಹೌದು."

"ಅಂದ್ರ ನಾನೂ ಈ ಮನ್ಯಾಕಿ?"

"ಅಲ್ಲೇನ ಮತ್ತ! ಮನೀ ಮಗಳು ನೀ."

"ಮತ್ತ ಪಾಲು ಯಾಕ ಎರಡ ಹಾಕೀರಿ?"

ಗೌಂಡಿ ದಾರ ಸುತ್ತುವುದನ್ನು ಬಿಟ್ಟು ನೋಡತೊಡಗಿದ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಶಂಕ್ರೆವ್ವನ ಬಾಯಿಗೆ ಬಂತು.

"ನನ್ನ ಸಾಮಾನು ಹಂಚೂವಾಗ ನಾ ಮನ್ಯಾಕಿ, ಪಾಲು ಕೊಡೂವಾಗ ಹೊರಗಿನಾಕಿ! ಭಾಳ ಛಲೋ ಐತ್ರಿ ನಿಮ್ಮ ರೂಢಿ. ಡಬ್ಬಿ ಮನೀದಾದ್ರ ನನಗೂ ಪಾಲು ಹಾಕ್ರಿ. ನನಗ ಪಾಲು ಇಲ್ಲಂದ್ರ ನನ್ನ ಡಬ್ಬಿ ಮುಟ್ಟಬ್ಯಾಡ್ರಿ. ಎರಡರಾಗ ಒಂದು ಹೇಳ್ರಿ. ನಮ್ಮ ರಾಜ್ಯದಾಗ ಹೆಣ್ಣಮಕ್ಕಳಿಗೂ ಪಾಲೈತಿ ಅಂತ ಕಾಯ್ದೆ ಬಂದು ಹತ್ತು ವರ್ಷಾತು. ಮದಿವ್ಯಾಗಿ ಹ್ವಾದಾಕಿಗೆ ಇಲ್ಲ ಅಂತೀರೇನು? ನಾ ಎಲ್ಲಿ ಹೋಗೇನಿ? ಹೋಗಾಕ ಬಿಟ್ಟಿಲ್ಲ ಇವರು!"

"ಶಂಕ್ರೀ, ಬಾಯಿ ಭಾಳ ಆತು!" ಶ್ರೀಶೈಲಪ್ಪ ಎದ್ದು ನಿಂತ.

"ಇಷ್ಟು ದಿವಸ ಕಡಿಮಿ ಆಗಿತ್ತಣ್ಣಾ."

ಕಾಕಾ ಇಬ್ಬರ ನಡುವೆ ಕೈ ಅಡ್ಡ ಹಿಡಿದ. "ಹೋಗ್ಲಿ ಬಿಡ್ರೆಪಾ. ಆ ಡಬ್ಬಿ ತಂಗೀಗೆ ಉಡಿ ತುಂಬಿ ಕೊಟ್ಟಬಿಡ್ರಿ. ಅಕ್ಕಿ, ಕೊಬ್ಬರಿ ಬಟ್ಟಲ, ಜಂಪರ್ ಪೀಸು ಜೋಡಿ ಮಾಡಿ, ಮರ್ಯಾದಿಲೆ."

"ನನ್ನ ಡಬ್ಬಿ ನನಗ ಉಡಿ ತುಂಬ್ತೀರೇನ್ರಿ ಕಾಕಾ?" ಶಂಕ್ರೆವ್ವ ನಕ್ಕಳು, ಅದು ನಗೆಯಾಗಿರಲಿಲ್ಲ. "ಆ ಜಂಪರ್ ಪೀಸನ್ನೂ ಮತ್ತ ನಾನ ಹೊಲಕೋಬೇಕಲ್ಲ? ಉಡಿ ಬ್ಯಾಡ. ಪಾಲು ಹಾಕ್ರಿ. ಮತ್ತ ಮುಂಜಾನೆ ನೀವ ಹೇಳೀರಿ, ಎಲ್ಲಾರಕಿಂತ ಸಣ್ಣಾವರು ಮೊದಲ ಆರಿಸಬೇಕು ಅಂತ. ಈ ಮನ್ಯಾಗ ಸಣ್ಣಾಕಿ ಯಾರು?"

ಅಡುಗೆಮನೆಯ ಬಾಗಿಲಲ್ಲಿ ಸಣ್ಣ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುರಪ್ಪ ಕಾಕಾ ತನ್ನ ಮಾತಿಗೆ ತಾನೇ ಸಿಕ್ಕುಬಿದ್ದಿದ್ದ, ನಾಲ್ಕು ಹಳ್ಳಿಯ ಪಾಲು ಮಾಡಿದವನು ಆಡಿದ ಮಾತು ತಿರುಗಿಸುವ ಹಾಗಿರಲಿಲ್ಲ. "ಮೂರು ಹಾಕು ಶ್ರೀಶೈಲಾ," ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ.

ಶ್ರೀಶೈಲಪ್ಪ ಹಲ್ಲು ಕಡಿಯುತ್ತ ಮನೆಯೆಲ್ಲ ಒಂದು ಸುತ್ತು ತಿರುಗಿದ. ಬಂದಾಗ ಅವನ ಮುಖದ ಮೇಲೆ ಸಣ್ಣದೊಂದು ಕಳೆ ಇತ್ತು. ಅಡುಗೆಮನೆ, ಅದಕ್ಕೆ ಹತ್ತಿದ ಕೋಣೆಗಳು ಒಂದು ಪಾಲು ಎಂದ. ಪಡಸಾಲೆ ಒಂದು ಪಾಲು, ಬರೀ ಪಡಸಾಲೆ, ಒಲೆ ಇಲ್ಲ, ಬಚ್ಚಲಿಲ್ಲ, ಒಂದು ಚಮಚೆ ಸಾಮಾನಿಲ್ಲ. ಹಿತ್ತಲಿನ ದನದ ಕೊಟ್ಟಿಗೆ ಇನ್ನೊಂದು ಪಾಲು, ಅದರ ಜೋಡಿ ಟಿವಿ ಮತ್ತು ಆರಕ್ಕಾರೂ ಡಬ್ಬಿ. "ಡಬ್ಬಿ ಬೇಕಂದೀಯಲ್ಲ, ಹಂಚಿಲ್ಲ ನೋಡು, ಒಂದ ಕಡೆ ಇಟ್ಟೇನಿ. ಆರಿಸವ್ವ," ಅಂದ. ಅವನ ಉಪಾಯ ಕುರುಡನಿಗೂ ಕಾಣುವಂತಿತ್ತು. ಡಬ್ಬಿಯ ಆಸೆಗೆ ತಂಗಿ ಕೊಟ್ಟಿಗೆಗೆ ಹೋಗಿ ಬೀಳಬೇಕು. ಸಿದ್ದರಾಯನ ಸಂಸಾರಕ್ಕೆ ಒಲೆಯ ಪಾಲೇ ಬೇಕು. ಬೀದಿಯ ಕಡೆಯ ಪಡಸಾಲೆ ತನಗೆ, ಕುರ್ಚಿ ಸಮೇತ.

ಶಂಕ್ರೆವ್ವ ಡಬ್ಬಿಗಳನ್ನು ನೋಡಿದಳು. ಎಷ್ಟು ಬಸ್ಸು, ಎಷ್ಟು ಜಗಳ, ಎಷ್ಟು ಅಂಗಡಿ. ಮೆಲ್ಲಗೆ ಆಡಿದ ಮಾತೂ ಕೇಳಬೇಕೆಂದು ಆರಿಸಿ ತಂದದ್ದು. ಒಂದು ದಿನವೂ ನೆಟ್ಟಗೆ ಕೇಳಿರಲಿಲ್ಲ. ಕಣ್ಣು ತುಂಬಿತು. ಅತ್ತರೆ ಇವರು ಋಣ ಎನ್ನುತ್ತಾರೆ ಎಂದು ತಡೆದುಕೊಂಡಳು.

"ಪಡಸಾಲಿ ನಂದು," ಅಂದಳು. ನಿಂತ ಜಾಗ ಬಿಟ್ಟು ಅಲ್ಲಾಡಲಿಲ್ಲ.

"ಹುಚ್ಚಿ, ಒಲಿ ಎಲ್ಲಿ ಹೂಡ್ತೀ?" ಅಂದ ಕಾಕಾ.

"ಸ್ಟೋ ಐತ್ರಿ ಕಾಕಾ. ನೀರಿನ ನಳ ಬೀದಿ ಬಾಗಲ್ದಾಗ ಐತಿ. ಗಿರಾಕಿನೂ ಅದ ಬಾಗಲ್ದಾಗ ಬರ್ತಾರ."

ಸಿದ್ದರಾಯ ತಡಮಾಡಲಿಲ್ಲ. ಹೆಂಡತಿ ಬಾಗಿಲಿನಿಂದ ಕಣ್ಣು ಬಿಟ್ಟದ್ದೇ ಅಡುಗೆಮನೆ ತನಗೆಂದ. ಹಾಕಿದವನಿಗೆ ಕಡೆಗೆ ಉಳಿದದ್ದು ಕೊಟ್ಟಿಗೆ, ಟಿವಿ, ಮತ್ತು ಆರು ಡಬ್ಬಿ. ಶ್ರೀಶೈಲಪ್ಪ ಕಾಕಾನ ಕಡೆ ನೋಡಿದ. ಕಾಕಾ ಎಲೆ ಅಡಿಕೆ ಉಗುಳಲು ಎದ್ದು ಹೊರಗೆ ಹೋದ.

ಗೌಂಡಿ ಪಡಸಾಲೆಯ ಗೆರೆ ಅಳಿಸಿ, ಹಿಂದಿನ ಬಾಗಿಲುಗಳನ್ನು ಇಟ್ಟಂಗಿಯಿಂದ ಮುಚ್ಚಿದ. ಆ ವಾರವೇ ಶಂಕ್ರೆವ್ವ ಹೊಲಿಗೆ ಮಷಿನ್ನನ್ನು ಮೂಲೆಯಿಂದ ಎಳೆದು ತಂದು ಎರಡು ಕಂಬಗಳ ನಡುವೆ, ಗುರುತಿನ ಮೇಲೆ ಇಟ್ಟು ಕೂತಳು. ಆಗ ಅವಳಿಗೆ ಕೇಳತೊಡಗಿತು. ಎಡಗಡೆಯ ಗೋಡೆಯಾಚೆ ಸಣ್ಣ ವೈನಿ, ಈ ಮನೆಗೆ ತಾನು ಬಂದ ಗಳಿಗೆಯನ್ನೂ ಶಂಕ್ರೆವ್ವನ ನಾಲಿಗೆಯನ್ನೂ ಕೂಡಿಸಿ ಬೈಯುತ್ತಿದ್ದಳು. ಬೆನ್ನ ಹಿಂದೆ, ಹಿತ್ತಲಿನಲ್ಲಿ, ದೊಡ್ಡ ವೈನಿ ಸಗಣಿಯ ನೆಲಕ್ಕೆ ಪೊರಕೆ ಬಡಿಯುತ್ತ ಗಂಡನ ಜಾಣತನವನ್ನು ಕೊಂಡಾಡುತ್ತಿದ್ದಳು. ಎದುರಿಗೆ ಬೀದಿಯ ನಳದಲ್ಲಿ ಓಣಿಯ ಹೆಂಗಸರು, ಹೆಣ್ಣು ಜಾತಿಗೆ ಇಷ್ಟು ಸೊಕ್ಕು ಇರಬಾರದು ಎಂದೊಬ್ಬಳು, ಇರಬೇಕು ಎಂದಿನ್ನೊಬ್ಬಳು. ಸುತ್ತಲಿಂದಲೂ ಬರುತ್ತಿತ್ತು. ಒಂದು ಮಾತೂ ತಪ್ಪಲಿಲ್ಲ.

ಇಳಿಹೊತ್ತಿಗೆ ಬೀದಿಯ ಬಾಗಿಲಲ್ಲಿ ಶ್ರೀಶೈಲಪ್ಪ ಬಂದು ನಿಂತ. ಇಡೀ ದಿನ ಕೊಟ್ಟಿಗೆಯಲ್ಲಿ ಡಬ್ಬಿಗಳಿಂದ ಗುರ್ ಎಂಬ ಸದ್ದೊಂದೇ ಬಂದಿತ್ತು. ಕೈಯಲ್ಲಿ ವಾಯರಿನ ಸಿಂಬೆ, ಪುಕ್ಕಟೆ ತಂದ ಉದ್ದನೆಯ ವಾಯರು.

"ಶಂಕ್ರವ್ವ," ಅಂದ, ದನಿಯಲ್ಲಿ ಬೆಣ್ಣೆ. "ಯಾವ ವಾಯರ್ ಯಾವ ಡಬ್ಬಿಗೆ ಹಚ್ಚಬೇಕು, ಒಂದೀಟು ಬಂದು ಕೂಡಿಸಿ ಕೊಡವ್ವ."

ಶಂಕ್ರೆವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ ತಲೆ ಎತ್ತಿದಳು.

"ಹಂಚಿದಾಂವ ನೀನ ಅಲ್ಲೇನಣ್ಣಾ? ಕೂಡಸಾಕೂ ನೀನ ಕಲಿ."

ಮತ್ತೆ ಪೆಡಲು ತುಳಿಯತೊಡಗಿದಳು.